ಪದಗಳ ಉದ್ದ ಅಳೆಯುವ ಪುಟ್ಟ ಪ್ರೋಗ್ರಾಂ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಬಸವನಗುಡಿಯ ಒಂದು ಮನೆಯ ಮಹಡಿ ಮೇಲೆ ಏಳೆಂಟು ಜನ ಸೇರುತ್ತೇವೆ. ಕನ್ನಡ ಮೇಷ್ಟ್ರು, ಡಿಟಿಪಿ ಕೆಲಸದವರು, ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವವರು, ಹೀಗೆ. ಬಂದವರೆಲ್ಲ ಒಂದೇ ಕಸರತ್ತಿನಿಂದ ಶುರು ಮಾಡುತ್ತಾರೆ: ಕನ್ನಡದ ಒಂದು ಫೈಲನ್ನು ಓದಿ, ಎಷ್ಟು ಉದ್ದದ ಪದಗಳು ಎಷ್ಟಿವೆ ಎಂದು ಹೇಳುವ ಪ್ರೋಗ್ರಾಂ. ಅರ್ಧ ಗಂಟೆಯ ಕೆಲಸ ಅಂದುಕೊಂಡು ಕೂರುತ್ತಾರೆ. ಮೂರನೇ ಭಾನುವಾರವೂ ವಾದ ಮುಗಿದಿರುವುದಿಲ್ಲ. ಅಲ್ಲಿ ಕೇಳಿದ, ಆಮೇಲೆ ಪತ್ರದಲ್ಲಿ ಬಂದ, ಕಾಫಿ ಕುಡಿಯುವಾಗ ಮತ್ತೆ ಎದ್ದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಶುರು ಮಾಡುವ ಮುಂಚೆ

"ಪದದ ಉದ್ದ ಅಳೆದು ಯಾರಿಗೆ ಏನಾಗಬೇಕು ಸಾರ್?"

ಈ ಹುಚ್ಚು ಹೊಸದಲ್ಲ. ಅಮೆರಿಕದ ಭೌತವಿಜ್ಞಾನಿ ಮೆಂಡೆನ್‌ಹಾಲ್ 1887ರಲ್ಲೇ ಡಿಕನ್ಸ್, ಥ್ಯಾಕರೆ ಮೊದಲಾದವರ ಬರಹದಲ್ಲಿ ಒಂದಕ್ಷರದ ಪದ ಎಷ್ಟು, ಎರಡಕ್ಷರದ್ದು ಎಷ್ಟು ಎಂದು ಎಣಿಸಿ ಗೆರೆ ಎಳೆದು, ಪ್ರತಿ ಲೇಖಕನಿಗೂ ತನ್ನದೇ ಒಂದು ಗೆರೆ ಇರುತ್ತದೆ ಎಂದು ವಾದಿಸಿದ. ಆಗ ಎಣಿಕೆ ನಡೆದದ್ದು ಕೈಯಲ್ಲಿ. ಈಗ ಅದೇ ಕೆಲಸ ಹತ್ತು ಸಾಲಿನ ಪ್ರೋಗ್ರಾಮಿನದು.

ನಮ್ಮಲ್ಲಿಗೆ ಬರುವವರ ಅಗತ್ಯ ಇಷ್ಟು ದೊಡ್ಡದಲ್ಲ. ಮಕ್ಕಳ ಪುಸ್ತಕ ಮಾಡುವ ಒಬ್ಬರಿಗೆ ಐದಕ್ಷರ ಮೀರಿದ ಪದಗಳ ಪಟ್ಟಿ ಬೇಕಿತ್ತು. ಪುಟ ಕಟ್ಟುವವರಿಗೆ ಕಿರಿದಾದ ಕಾಲಮ್ಮಿನಲ್ಲಿ ಯಾವ ಪದ ಮುರಿಯುತ್ತದೆ ಎಂದು ಮೊದಲೇ ಗೊತ್ತಾಗಬೇಕಿತ್ತು. ಇನ್ನು ಕೆಲವರಿಗೆ ತಮ್ಮ ಬರಹ ಯಾಕೆ ಸರಕಾರಿ ಸುತ್ತೋಲೆಯಂತೆ ಕೇಳಿಸುತ್ತದೆ ಎನ್ನುವ ಕುತೂಹಲ.

"ನಾನು ಕನ್ನಡ ಎಂ.ಎ. ಪ್ರೋಗ್ರಾಮಿಂಗ್ ಗಂಧವೇ ಇಲ್ಲ. ನನ್ನ ಕೈಲಾಗುತ್ತಾ?"

ಆಗುತ್ತದೆ. ನಿಮಗೇ ಹೆಚ್ಚು ಸುಲಭ ಎನ್ನುವುದು ನನ್ನ ಅನುಭವ. ಇಲ್ಲಿ ಕಂಪ್ಯೂಟರಿನ ಪಾಲು ಕಡಿಮೆ. ಅಕ್ಷರ ಎಂದರೆ ಏನು, ಪದ ಎಂದರೆ ಏನು ಎಂದು ತೀರ್ಮಾನಿಸುವುದೇ ಕೆಲಸ, ಅದು ವ್ಯಾಕರಣ ಓದಿದವರ ಅಂಗಳ.

ಪ್ರೋಗ್ರಾಮಿನ ಹೊಟ್ಟೆಯಲ್ಲಿ ಇರುವುದು ಇಷ್ಟೇ. ಫೈಲ್ ತೆರೆದು ಪೂರ್ತಿ ಓದು. ಖಾಲಿ ಜಾಗ ಕಂಡಲ್ಲೆಲ್ಲ ಕತ್ತರಿಸಿ ತುಂಡುಗಳ ಪಟ್ಟಿ ಮಾಡು. ಪ್ರತಿ ತುಂಡಿನ ಎರಡೂ ತುದಿಯಿಂದ ಚುಕ್ಕೆ, ಅಲ್ಪವಿರಾಮ, ಉದ್ಧರಣ ಚಿಹ್ನೆ ಕೆರೆದು ಹಾಕು. ಉಳಿದದ್ದರ ಉದ್ದ ನೋಡು. ಆ ಉದ್ದದ ಹೆಸರಿನ ಡಬ್ಬಿಗೆ ಒಂದು ಕಾಳು ಹಾಕು. ಕೊನೆಗೆ ಡಬ್ಬಿಗಳಲ್ಲಿರುವ ಕಾಳು ಎಣಿಸು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇವಕ್ಕೆ ಓಪನ್, ರೀಡ್, ಸ್ಪ್ಲಿಟ್, ಸ್ಟ್ರಿಪ್, ಲೆನ್, ಕೌಂಟರ್ ಎಂಬ ತಯಾರಿ ಆಜ್ಞೆಗಳಿವೆ.

ಇನ್ನೊಂದು ಸಂತೋಷದ ಸಂಗತಿ: ಪೈಥಾನ್ 3ರಲ್ಲಿ ಚರಾಕ್ಷರಗಳಿಗೆ (ಲೆಕ್ಕದ ಬೆಲೆ ತುಂಬಿಡುವ ಡಬ್ಬಿಗಳಿಗೆ) ಕನ್ನಡದಲ್ಲೇ ಹೆಸರಿಡಬಹುದು. ಪದ, ಉದ್ದ, ಪಟ್ಟಿ ಎಂದೆಲ್ಲ ಬರೆದರೆ ನಡೆಯುತ್ತದೆ. ಆಜ್ಞೆಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು.

"ಪೈಥಾನೇ ಯಾಕೆ? ಜಾವಾ ಆಗಲ್ವಾ?"

ಆಗುತ್ತದೆ. ನಿಮಗೆ ಬರುವ ಭಾಷೆಯಲ್ಲಿ ಮಾಡಿ. ಏನೂ ಬಾರದಿದ್ದರೆ ಪೈಥಾನ್, ಯಾಕೆಂದರೆ ಬ್ರೌಸರಿನಲ್ಲಿ ಗೂಗಲ್ ಕೊಲ್ಯಾಬ್ ತೆರೆದರೆ ಏನನ್ನೂ ಇನ್‌ಸ್ಟಾಲ್ ಮಾಡದೆ ಶುರು ಮಾಡಬಹುದು.

"ಎಐಗೆ ಪಠ್ಯ ಕೊಟ್ಟು ಎಣಿಸು ಅಂದ್ರೆ ಆಯ್ತಲ್ಲ?"

ಎಣಿಸಲು ಹೇಳಬೇಡಿ, ಪ್ರೋಗ್ರಾಂ ಬರೆದುಕೊಡಲು ಹೇಳಿ. ಆ ಯಂತ್ರಗಳು ಪಠ್ಯವನ್ನು ಅಕ್ಷರ ಅಕ್ಷರವಾಗಿ ನೋಡುವುದಿಲ್ಲ, ಟೋಕನ್ ಎಂಬ ತಮ್ಮದೇ ತುಂಡುಗಳಲ್ಲಿ ನೋಡುತ್ತವೆ. ಹಾಗಾಗಿ ಎಣಿಕೆಯಲ್ಲಿ ಧೈರ್ಯವಾಗಿ ತಪ್ಪು ಹೇಳುತ್ತವೆ. ಬರೆದುಕೊಟ್ಟ ಪ್ರೋಗ್ರಾಮನ್ನೂ ಮುಂದೆ ಕೊಟ್ಟಿರುವ ಪರೀಕ್ಷೆಗೆ ಒಡ್ಡಿ.

"ಪಠ್ಯ ಎಲ್ಲಿಂದ ತರೋದು?"

ಮೊದಲಿಗೆ ನೀವೇ ಬರೆದ ಒಂದು ಪುಟ ಸಾಕು. ದೊಡ್ಡದು ಬೇಕೆಂದರೆ ಕನ್ನಡ ವಿಕಿಸೋರ್ಸ್ ಇದೆ, ಕನ್ನಡ ವಿಕಿಪೀಡಿಯ ಇದೆ. ಬೇರೆಯವರಿಗೂ ಹಂಚುವ ಉದ್ದೇಶವಿದ್ದರೆ ಹಕ್ಕುಸ್ವಾಮ್ಯ ನೋಡಿಕೊಳ್ಳಿ: ನಮ್ಮ ಕಾಯ್ದೆಯಲ್ಲಿ ಅದು ಲೇಖಕರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ.

## ಅಕ್ಷರದ ಗೋಜಲು

"ಕನ್ನಡ ಅಂತ ಕೊಟ್ರೆ ಉದ್ದ 5 ಅಂತಿದೆ. ಮೂರಲ್ವಾ? ಪ್ರೋಗ್ರಾಂ ತಪ್ಪಾ?"

ಪ್ರೋಗ್ರಾಂ ಸರಿ, ಪ್ರಶ್ನೆ ಬೇರೆ. ನೀವು ಕೇಳಿದ್ದು ಎಷ್ಟು ಅಕ್ಷರ ಅಂತ, ಅದು ಹೇಳಿದ್ದು ಎಷ್ಟು ಯೂನಿಕೋಡ್ ಸಂಕೇತ ಅಂತ. ಯೂನಿಕೋಡ್ ಎಂದರೆ ಲಿಪಿಗಳ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಪದ್ಧತಿ. ಯೂನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳಿವೆ. ಅದರಲ್ಲಿ ವ್ಯಂಜನಕ್ಕೆ ಒಂದು ಮನೆ, ಗುಣಿತದ ಚಿಹ್ನೆಗೆ ಬೇರೆ ಮನೆ, ಒತ್ತು ಮಾಡಿಸುವ ವಿರಾಮ ಚಿಹ್ನೆಗೆ (ಕ ಅನ್ನು ಕ್ ಮಾಡುವ ಗುರುತು, ಅದರ ಸಂಖ್ಯೆ 3277) ಮತ್ತೊಂದು ಮನೆ. ಒತ್ತಕ್ಷರಕ್ಕೆ ಪ್ರತ್ಯೇಕ ಮನೆಯೇ ಇಲ್ಲ. "ನ್ನ" ಎಂದರೆ ನ, ವಿರಾಮ, ನ. ಹಾಗಾಗಿ "ಕನ್ನಡ" ಐದು.

ಇದು ಎಷ್ಟು ದಾರಿ ತಪ್ಪಿಸುತ್ತದೆ ಎಂದು ತೋರಿಸಲು ನಾನು ಊರಿನ ಹಳೇ ಪೈಪೋಟಿಯನ್ನು ಎಳೆದು ತರುತ್ತೇನೆ. ಮಲ್ಲೇಶ್ವರ, ಬಸವನಗುಡಿ ಎರಡೂ 1898ರ ಪ್ಲೇಗಿನ ಬೆನ್ನಲ್ಲೇ ಬೆಳೆದ ಬಡಾವಣೆಗಳು. ಯಾವುದು ದೊಡ್ಡದು, ಯಾರ ದೋಸೆ ಗರಿ ಅಂತ ಅಂದಿನಿಂದ ವಾದ ಇದ್ದದ್ದೇ. ಕಂಪ್ಯೂಟರಿನ ಲೆನ್ ಆಜ್ಞೆಗೆ ಕೇಳಿದರೆ ಮಲ್ಲೇಶ್ವರ 9, ಬಸವನಗುಡಿ 8. ಬಾಯಲ್ಲಿ ಹೇಳಿ ನೋಡಿ: ಮ-ಲ್ಲೇ-ಶ್ವ-ರ, ನಾಲ್ಕು. ಬ-ಸ-ವ-ನ-ಗು-ಡಿ, ಆರು. ಗೆದ್ದವರೇ ಸೋತರು!

ಗವಿಪುರದ ಕಡೆ ಅಂಗಡಿ ಬೋರ್ಡು ಬರೆಯುವ ಹಿರಿಯರೊಬ್ಬರಿದ್ದರು. ಅಕ್ಷರಕ್ಕಿಷ್ಟು ಎಂದು ದರ. ಒಮ್ಮೆ ಅವರು ಬ್ರಷ್ ಒರೆಸಿಕೊಳ್ಳುತ್ತಿದ್ದಾಗ ಕೇಳಿದೆ, ಒತ್ತಿಗೂ ದುಡ್ಡು ತಗೋತೀರಾ ಅಂತ. "ಒತ್ತು ಅಕ್ಷರದ ಕಂಕುಳಲ್ಲಿರೋ ಮಗು ಸ್ವಾಮಿ. ಬಸ್ಸಲ್ಲಿ ಕಂಕುಳ ಮಗೂಗೆ ಟಿಕೆಟ್ ಹರೀತಾರಾ?" ಅಂದರು. ನನ್ನ ಪ್ರೋಗ್ರಾಮಿನ ನಿಯಮ ಇವತ್ತಿಗೂ ಅದೇ.

"ಹಂಗಾದ್ರೆ ಅಕ್ಷರ ಎಣಿಸೋ ನಿಯಮ ಬರೆದುಕೊಡಿ, ನಾನು ಕೋಡ್ ಮಾಡ್ಕೋತೀನಿ."

ಪದದ ಸಂಕೇತಗಳನ್ನು ಎಡದಿಂದ ಒಂದೊಂದಾಗಿ ನೋಡುತ್ತ ಹೋಗಿ. ಪ್ರತಿಯೊಂದಕ್ಕೂ ಕೇಳಬೇಕಾದದ್ದು ಒಂದೇ: ಇದು ಹೊಸ ಅಕ್ಷರ ಶುರು ಮಾಡುತ್ತದೋ, ಹಿಂದಿನದಕ್ಕೆ ಅಂಟಿಕೊಳ್ಳುತ್ತದೋ?

ಸ್ವರ ಬಂದರೆ (3205ರಿಂದ 3220) ಹೊಸ ಅಕ್ಷರ. ವ್ಯಂಜನ ಬಂದರೆ (3221ರಿಂದ 3257) ಹಿಂದೆ ನೋಡಿ. ಹಿಂದಿನದು ವಿರಾಮ ಚಿಹ್ನೆಯಾಗಿದ್ದರೆ ಅಂಟಿಸಿ, ಇಲ್ಲವಾದರೆ ಹೊಸದು. ಗುಣಿತದ ಚಿಹ್ನೆ (3262ರಿಂದ 3276), ವಿರಾಮ, ಸೊನ್ನೆ, ವಿಸರ್ಗ, ಇವು ಯಾವಾಗಲೂ ಅಂಟು. ಹಳಗನ್ನಡ ಪಠ್ಯ ಇದ್ದರೆ ೞ ಮರೆಯಬೇಡಿ. ಅದು ವ್ಯಂಜನಗಳ ಸಾಲಿನಲ್ಲಿಲ್ಲ, ದೂರದಲ್ಲಿ 3294ರಲ್ಲಿ ಕೂತಿದೆ.

"ಸ್ವಾತಂತ್ರ್ಯ"ದಲ್ಲಿ ನಡೆಸಿ ನೋಡೋಣ. ಸ ಹೊಸದು. ವಿರಾಮ ಅಂಟು. ವ ಬಂತು, ಹಿಂದೆ ವಿರಾಮ ಇದೆ, ಅಂಟು. ದೀರ್ಘ ಅಂಟು. ತ ಹೊಸದು, ಸೊನ್ನೆ ಅಂಟು. ಮತ್ತೆ ತ, ಹಿಂದೆ ವಿರಾಮ ಇಲ್ಲ, ಹೊಸದು. ಮುಂದಿನ ವಿರಾಮ, ರ, ವಿರಾಮ, ಯ ನಾಲ್ಕೂ ಅದಕ್ಕೇ ಜೋತುಬಿದ್ದವು. 11 ಸಂಕೇತ, 3 ಅಕ್ಷರ: ಸ್ವಾ, ತಂ, ತ್ರ್ಯ.

ಅರ್ಕಾವತ್ತಿಗೆ ಬೇರೆ ನಿಯಮ ಬೇಕಾ ಎಂದು ಕೇಳುತ್ತಾರೆ. ಬೇಡ. "ಸೂರ್ಯ"ದ ರ್ ಕಣ್ಣಿಗೆ ಯ ಆದಮೇಲೆ ಕಂಡರೂ ಫೈಲಿನೊಳಗೆ ಉಚ್ಚಾರದ ಕ್ರಮದಲ್ಲೇ, ಯ ಗಿಂತ ಮುಂಚೆಯೇ ಇರುತ್ತದೆ.

"ಬಸ್ ಅಂದ್ರೆ ಒಂದಕ್ಷರವೋ ಎರಡೋ?"

ಇದರ ಮೇಲೆ ಎರಡು ಭಾನುವಾರ ಹೋಗಿವೆ. ಮೇಲಿನ ನಿಯಮದ ಪ್ರಕಾರ ಎರಡು: ಬ, ಸ್. ಕಿವಿಯ ಪ್ರಕಾರ ಒಂದೇ ಉಸಿರು. ನಾನು ಎರಡು ಎನ್ನುವ ಪಕ್ಷ. ಕನ್ನಡದ ನಾಲಿಗೆ ಅದನ್ನು ಹೇಗೂ "ಬಸ್ಸು" ಮಾಡಿಕೊಳ್ಳುತ್ತದೆ, ಆಗ ಯಾರ ಲೆಕ್ಕದಲ್ಲೂ ಎರಡೇ. ನೀವು ಒಂದು ಎಂದರೆ ನನ್ನ ತಕರಾರಿಲ್ಲ, ಫಲಿತಾಂಶದ ಮೇಲೆ ಹಾಗಂತ ಒಂದು ಸಾಲು ಬರೆಯಿರಿ, ಅಷ್ಟೇ. ಇಂಗ್ಲಿಷ್ ಪದಗಳು ತುಂಬಿರುವ ಇಂದಿನ ಬೆಂಗಳೂರು ಬರಹದಲ್ಲಿ ಈ ಒಂದು ತೀರ್ಮಾನದಿಂದ ಸರಾಸರಿಯೇ ಅಲುಗುತ್ತದೆ: ಬಸ್, ಮೆಟ್ರೋ ಸ್ಟೇಷನ್, ಟ್ರಾಫಿಕ್, ಸಿಗ್ನಲ್, ಎಲ್ಲ ಅರ್ಧಾಕ್ಷರದಲ್ಲೇ ನಿಲ್ಲುವಂಥವು.

"ಕಣ್ಣಿಗೆ ಎರಡೂ ಒಂದೇ ಪದ. ಕಂಪ್ಯೂಟರ್ ಬೇರೆ ಬೇರೆ ಅಂತ ಹಠ ಹಿಡಿದಿದೆ."

ಮೂರು ಕಳ್ಳರಿದ್ದಾರೆ.

ಮೊದಲನೆಯವನು ಬಿಡಿಸಿಟ್ಟ ಗುಣಿತ. "ಕೋ" ಎಂಬುದರ ಓತ್ವ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘಚಿಹ್ನೆ ಎಂದು ಮೂರಾಗಿಯೂ ಬರೆಯಬಹುದು. ತೆರೆಯ ಮೇಲೆ ವ್ಯತ್ಯಾಸ ಕಾಣದು. ಆದರೆ "ಕೋಟೆ" ಒಂದು ಕಡೆ 4 ಸಂಕೇತ, ಇನ್ನೊಂದು ಕಡೆ 6. ಓದಿದ ಕೂಡಲೇ ಪಠ್ಯವನ್ನು ಎನ್‌ಎಫ್‌ಸಿ ಎಂಬ, ಬಿಡಿ ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸಿದ ರೂಪಕ್ಕೆ ತನ್ನಿ. ಪೈಥಾನಿನ ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲಿನಲ್ಲಿ (ತಯಾರಿ ಆಜ್ಞೆಗಳ ಕಟ್ಟಿನಲ್ಲಿ) ನಾರ್ಮಲೈಸ್ ಎಂಬ ಆಜ್ಞೆ ಇದೆ, ಒಂದೇ ಸಾಲು.

ಎರಡನೆಯವನು ಕಾಣದ ಗೋಡೆ. "ಸಾಫ್ಟ್‌ವೇರ್" ಎಂದು ಸರಿಯಾಗಿ ಮೂಡಲು ಟ್ ಮತ್ತು ವೇ ನಡುವೆ 8204 ಸಂಖ್ಯೆಯ ಕಾಣದ ಸಂಕೇತ ಹಾಕುತ್ತೇವೆ. ಅದಿಲ್ಲದಿದ್ದರೆ "ಸಾಫ್ಟ್ವೇರ್" ಆಗಿ ವ ಒತ್ತಾಗಿಬಿಡುತ್ತದೆ. ಆ ಗೋಡೆಯನ್ನು ಎಣಿಸಬಾರದು, ಆದರೆ ಅದು ಸಿಕ್ಕಿದ ಮೇಲಿನ ವ್ಯಂಜನ ಹೊಸ ಅಕ್ಷರ ಎಂದು ತಿಳಿಯಬೇಕು. ಆಗ ನಾಲ್ಕಕ್ಷರ. ಹಾಳು ಸಂಕೇತ ಎಂದು ಮೊದಲೇ ಅಳಿಸಿ ಹಾಕಿದರೆ ಮೂರೇ ಬರುತ್ತದೆ. ಅದರ ತಮ್ಮ 8205, "ರ‍್ಯಾಂಕ್" ಬರೆಯುವಾಗ ಬರುವಂಥದ್ದು, ಗೋಡೆಯಲ್ಲ ಗೋಂದು. ಅದನ್ನು ಸುಮ್ಮನೆ ದಾಟಿ ಮುಂದೆ ಹೋಗಿ. ಅಂದಹಾಗೆ, ಚರಾಕ್ಷರಕ್ಕೆ ಸಾಫ್ಟ್‌ವೇರ್ ಎಂದು ಹೆಸರಿಟ್ಟು ಪೈಥಾನ್ ಬೈಯಿತು ಎಂದು ಒಬ್ಬರು ಬರೆದಿದ್ದರು. ಕಾರಣ ಇದೇ ಗೋಡೆ, ಹೆಸರಿನೊಳಗೆ ಅದಕ್ಕೆ ಪ್ರವೇಶವಿಲ್ಲ.

ಮೂರನೆಯವನು ಮಹಾ ಕಿಲಾಡಿ: ಅನುಸ್ವಾರದ ಜಾಗದಲ್ಲಿ ಅಂಕಿ ಸೊನ್ನೆ. "ಬೆಂಗಳೂರು" ಬದಲು "ಬೆ೦ಗಳೂರು". ಕಂಡಿತೇ? ಹೆಚ್ಚಿನ ಫಾಂಟುಗಳಲ್ಲಿ ಕಾಣುವುದಿಲ್ಲ. ಅನುಸ್ವಾರ 3202, ಅಂಕಿ ಸೊನ್ನೆ 3302, ಸರಿಯಾಗಿ ನೂರರ ಅಂತರ. ಎರಡು ಕನ್ನಡ ಅಕ್ಷರಗಳ ನಡುವೆ ಒಂಟಿ ೦ ಸಿಕ್ಕರೆ ಅದನ್ನು ಅನುಸ್ವಾರ ಮಾಡಿಬಿಡುವ ಸಾಲೊಂದನ್ನು ನಾನು ಕಣ್ಣುಮುಚ್ಚಿ ಸೇರಿಸುತ್ತೇನೆ.

"ಇದೆಲ್ಲ ಮಾಡೋ ರೆಡಿಮೇಡ್ ಲೈಬ್ರರಿ ಇಲ್ವಾ?"

ಗ್ರಾಫೀಮ್ ಕ್ಲಸ್ಟರ್ (ಓದುಗರಿಗೆ ಒಂದೇ ಅಕ್ಷರವಾಗಿ ಕಾಣುವ ಸಂಕೇತಗಳ ಗುಂಪು) ಎಂಬ ಹೆಸರಿನಲ್ಲಿ ಪಠ್ಯ ಒಡೆಯುವ ಲೈಬ್ರರಿಗಳಿವೆ. ಗುಣಿತವನ್ನು ಸರಿಯಾಗಿ ಅಂಟಿಸುತ್ತವೆ. ಒತ್ತಿನಲ್ಲಿ ಹಲವು ಎಡವುತ್ತವೆ: "ಕನ್ನಡ"ವನ್ನು ಕ, ನ್, ನ, ಡ ಎಂದು ನಾಲ್ಕು ಮಾಡಿಡುತ್ತವೆ. ಇಪ್ಪತ್ತು ಸಾಲಿನ ಸ್ವಂತ ನಿಯಮವೇ ವಾಸಿ.

"ನನ್ನ ಪ್ರೋಗ್ರಾಂ ಸರಿ ಇದೆ ಅಂತ ಗೊತ್ತಾಗೋದು ಹೇಗೆ?"

ಕೈಯಲ್ಲಿ ಎಣಿಸಿದ ಪಟ್ಟಿಯ ಎದುರು ನಿಲ್ಲಿಸಿ. ನಾನು ಬಳಸುವುದು ಇದು, ಮೊದಲ ಸಂಖ್ಯೆ ಸಂಕೇತ, ಎರಡನೆಯದು ಅಕ್ಷರ:

ಅಮ್ಮ 4, 2
ದುಃಖ 4, 2
ಕೃಷ್ಣ 5, 2
ರಾಷ್ಟ್ರ 7, 2
ಬೆಂಗಳೂರು 8, 4
ರ‍್ಯಾಂಕ್ 8, 2
ಸಾಫ್ಟ್‌ವೇರ್ 11, 4

ಕೊನೆಯ ಎರಡರಲ್ಲಿ ಕಾಣದ ಸಂಕೇತವೂ ಮೊದಲ ಸಂಖ್ಯೆಯಲ್ಲಿ ಸೇರಿದೆ. ಏಳೂ ಸರಿ ಬಂದರೆ ಮುಂದೆ ಹೋಗಬಹುದು. "ದುಃಖ"ದ ಹತ್ತಿರ ಬಹಳ ಜನರ ಗಾಡಿ ನಿಲ್ಲುತ್ತದೆ. ವಿಸರ್ಗದ ಬದಲು ಕೀಬೋರ್ಡಿನ ಕೋಲನ್ ಒತ್ತಿರುತ್ತಾರೆ.

## ಪದದ ಗೋಜಲು

"ನೆಟ್ಟಲ್ಲಿ ಸಿಕ್ಕ ಕೋಡ್ ಹಾಕಿದೆ. ಪದಗಳೆಲ್ಲ ಚೂರುಚೂರಾಗಿ ಬಂದಿವೆ."

ಆ ಕೋಡಿನಲ್ಲಿ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಇದೆಯಾ ನೋಡಿ. ಇಂಗ್ಲಿಷ್ ಪಠ್ಯಕ್ಕೆ ಎಲ್ಲರೂ ಹೇಳಿಕೊಡುವ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಹುಡುಕಲು ಕೊಡುವ ನಮೂನೆ) ಅದು, "ಪದದೊಳಗೆ ಬರಬಹುದಾದ ಅಕ್ಷರ" ಎಂದು ಅರ್ಥ. ಪೈಥಾನಿನ ಜೊತೆಗೇ ಬರುವ ಮಾಡ್ಯೂಲಿನಲ್ಲಿ ವ್ಯಂಜನ, ಸ್ವರ ಮಾತ್ರ ಅದಕ್ಕೆ ಅಕ್ಷರ. ಗುಣಿತದ ಚಿಹ್ನೆ, ಸೊನ್ನೆ, ವಿರಾಮ ಅದರ ಕಣ್ಣಿಗೆ ಅಕ್ಷರವೇ ಅಲ್ಲ, ಕಂಡಲ್ಲೇ ಕತ್ತರಿಸುತ್ತದೆ. "ಬೆಂಗಳೂರು" ಹೋಗಿ ಬ, ಗಳ, ರ ಎಂದು ಮೂರು "ಪದ" ಆಗುತ್ತದೆ.

ನಗಬೇಡಿ, ನಾನೂ ಬಿದ್ದಿದ್ದೇನೆ. ವರ್ಷಗಳ ಹಿಂದೆ ಒಂದು ಕಾಲೇಜಿನ ಕನ್ನಡ ವಿಭಾಗದಲ್ಲಿ ಪ್ರೊಜೆಕ್ಟರ್ ಹಾಕಿ, ಕನ್ನಡದ ಪದಗಳು ಸರಾಸರಿ ಒಂದೂವರೆ ಅಕ್ಷರ ಎಂದು ಗಂಭೀರವಾಗಿ ಘೋಷಿಸಿದೆ. ಮುಂದಿನ ಸಾಲಿನಲ್ಲಿದ್ದ ಹಿರಿಯ ಮೇಷ್ಟ್ರು ಕನ್ನಡಕ ತೆಗೆದು, "ಸರಾಸರಿ ಅನ್ನೋ ಪದವೇ ನಾಲ್ಕಕ್ಷರ ಇದೆಯಲ್ಲಪ್ಪ" ಎಂದರು. ಸಭೆ ಅಲ್ಲಿಗೆ ಮುಗಿಯಿತು.

ಪರಿಹಾರ ಸುಲಭ. ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಬಿಟ್ಟು, 3200ರಿಂದ 3327ರ ನಡುವಿನದ್ದೆಲ್ಲ, ಜೊತೆಗೆ 8204 ಮತ್ತು 8205, ಪದದೊಳಗಿನವು ಎಂದು ನೀವೇ ಹೇಳಿ. ಅಥವಾ ಖಾಲಿ ಜಾಗದಲ್ಲಿ ಕತ್ತರಿಸಿ ತುದಿ ಕೆರೆಯುವ ಹಳೇ ದಾರಿ ಹಿಡಿಯಿರಿ.

"1956ರಲ್ಲಿ, ಡಾ., ಹಾಲು-ಮೊಸರು, ಇವನ್ನೆಲ್ಲ ಏನು ಮಾಡೋದು?"

ನಾನು ಅಂಕಿ ಇರುವ ತುಂಡನ್ನು ಪೂರ್ತಿ ಬಿಟ್ಟುಬಿಡುತ್ತೇನೆ. "ಡಾ." ಚುಕ್ಕೆ ಕಳೆದು ಒಂದಕ್ಷರದ ಪದವಾಗಿ ಉಳಿಯಲಿ. ಅಡ್ಡಗೆರೆ ಜೋಡಿಯನ್ನು ಎರಡು ಪದ ಮಾಡುತ್ತೇನೆ. ಒಂದೇ ಎಚ್ಚರ: ಮುದ್ರಣಕ್ಕೆ ಕಟ್ಟಿದ ಪುಟದಿಂದ ತಂದ ಪಠ್ಯದಲ್ಲಿ ಸಾಲಿನ ಕೊನೆಗೆ ಪದ ಮುರಿಯಲು ಹಾಕಿದ ಅಡ್ಡಗೆರೆಯೂ ಇರುತ್ತದೆ. ಅಂಥವನ್ನು ಕತ್ತರಿಸುವ ಮುಂಚೆ ಜೋಡಿಸಬೇಕು.

"ಹೋಗಬೇಕಾಗಿತ್ತಂತೆ ಅನ್ನೋದು ಒಂದು ಪದ ಅಂದ್ರೆ ಅನ್ಯಾಯ ಅಲ್ವಾ?"

ಈ ಕೆಲಸದ ತಿರುಳಿರುವುದು ಈ ಪ್ರಶ್ನೆಯಲ್ಲಿ. ಹೋಗ, ಬೇಕು, ಆಗಿ, ಇತ್ತು, ಅಂತೆ: ಐದು ತುಂಡು ಲೋಪಸಂಧಿಯಲ್ಲಿ ಕೂಡಿ ಏಳಕ್ಷರದ ಒಂದು ಉಂಡೆ. ಖಾಲಿ ಜಾಗ ನೋಡಿ ಕತ್ತರಿಸುವ ಪ್ರೋಗ್ರಾಮಿಗೆ ಅದು ಒಂದು ಪದ. ಇನ್ನೊಬ್ಬರು "ಹೋಗ ಬೇಕಾಗಿತ್ತಂತೆ" ಎಂದು ಬಿಡಿಸಿ ಬರೆದರೆ ಎರಡಕ್ಷರದ್ದೊಂದು, ಐದಕ್ಷರದ್ದೊಂದು. "ಹೋಗಬೇಕಾಗಿ ಇತ್ತಂತೆ" ಎಂದರೆ ಐದು, ಮೂರು. ಭಾಷೆ ಅದೇ, ಅರ್ಥ ಅದೇ, ಸ್ಪೇಸ್ ಬಾರ್ ಒತ್ತಿದ ಜಾಗ ಮಾತ್ರ ಬೇರೆ.

ಇಲ್ಲಿಂದ ಎರಡು ದಾರಿ. ಬರೆದಂತೆ ಎಣಿಸುವುದು ಒಂದು. ಆಗ ನೀವು ಅಳೆಯುತ್ತಿರುವುದು ಅರ್ಧ ಭಾಷೆಯನ್ನು, ಅರ್ಧ ಬರೆದವರ ಅಥವಾ ಕರಡು ತಿದ್ದಿದವರ ಜಾಗ ಬಿಡುವ ಅಭ್ಯಾಸವನ್ನು. ಸಂಧಿ ಬಿಡಿಸಿ, ಪ್ರತ್ಯಯ ಕಳಚಿ ಎಣಿಸುವುದು ಇನ್ನೊಂದು. ಕೇಳಲು ಚೆಂದ, ಮಾಡಲು ಹೊರಟರೆ ಪುಟ್ಟ ಪ್ರೋಗ್ರಾಂ ಪುಟ್ಟದಾಗಿ ಉಳಿಯುವುದಿಲ್ಲ. "ಊರಿಗೆ"ಯಲ್ಲಿ ಇಗೆ ಕಳಚಬೇಕು, "ಬೇಸಿಗೆ"ಯಲ್ಲಿ ಕಳಚಬಾರದು. ನಿಘಂಟು ಪಕ್ಕದಲ್ಲಿಲ್ಲದೆ ಕಂಪ್ಯೂಟರಿಗೆ ಇದು ತಿಳಿಯದು.

ಮೊದಲ ದಾರಿಯಲ್ಲೇ ಹೋಗಿ, ಆದರೆ ಹೋಲಿಸುವ ಎರಡು ಪಠ್ಯಗಳೂ ಒಂದೇ ಪದ್ಧತಿಯಲ್ಲಿ ಜಾಗ ಬಿಟ್ಟಿವೆಯೇ ಎಂದು ಮೊದಲು ಕಣ್ಣಾಡಿಸಿ. "ಬೇಕು", "ಇಲ್ಲ", "ಅಂತೆ", "ಕೂಡ" ಎಂದು ಶುರುವಾಗುವ ಪದಗಳು ಒಂದರಲ್ಲಿ ವಿಪರೀತವಾಗಿ, ಇನ್ನೊಂದರಲ್ಲಿ ಅಪರೂಪವಾಗಿ ಸಿಕ್ಕರೆ ಪದ್ಧತಿ ಬೇರೆ ಎಂದೇ ಲೆಕ್ಕ.

## ಫೈಲಿನ ತಾಪತ್ರಯ

"ಡಿಟಿಪಿ ಅಂಗಡಿಯಿಂದ ತಂದ ಫೈಲ್. ತೆರೆದ್ರೆ ಕನ್ನಡವೇ ಇಲ್ಲ, ಇಂಗ್ಲಿಷ್ ಕಸ."

ಅದು ಯೂನಿಕೋಡ್‌ಗಿಂತ ಹಿಂದಿನ ಪದ್ಧತಿ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಆಕಾರ ಕೂರಿಸಿರುತ್ತಿದ್ದರು. ಆ ಫಾಂಟ್ ಹಾಕಿದರೆ ಕನ್ನಡ, ತೆಗೆದರೆ ಕಸ. ಅಲ್ಲಿ ಒಂದೇ ಅಕ್ಷರ ಎರಡು ಮೂರು ಆಕಾರಗಳ ಜೋಡಣೆಯಾಗಿರುವುದರಿಂದ ನೇರ ಎಣಿಸಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಪರಿವರ್ತಕ ತಂತ್ರಾಂಶಗಳು ಸಿಗುತ್ತವೆ, ಮೊದಲು ಯೂನಿಕೋಡ್ ಮಾಡಿಕೊಳ್ಳಿ. ಆಮೇಲೆ ಒತ್ತು ಮತ್ತು ಅರ್ಕಾವತ್ತು ಇರುವ ಇಪ್ಪತ್ತು ಪದ ಹುಡುಕಿ ಕಣ್ಣಾರೆ ನೋಡಿ. ಎಡವುವುದು ಅಲ್ಲೇ.

"ವಿಂಡೋಸಲ್ಲಿ ಓಡಿಸಿದ್ರೆ ಕೋಡೆಕ್ ಎರರ್ ಅಂತ ಬರುತ್ತೆ."

ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 (ಯೂನಿಕೋಡ್ ಸಂಕೇತಗಳನ್ನು ಫೈಲಿನಲ್ಲಿ ಬರೆದಿಡುವ ರೀತಿ) ಎಂದು ಬರೆಯಲು ಮರೆತಿದ್ದೀರಿ. ಫಲಿತಾಂಶವನ್ನು ಎಕ್ಸೆಲ್‌ನಲ್ಲಿ ತೆರೆಯುವುದಿದ್ದರೆ ಉಳಿಸುವಾಗ ಯುಟಿಎಫ್-8-ಸಿಗ್ ಕೊಡಿ, ಇಲ್ಲವಾದರೆ ಅಲ್ಲೂ ಕಸ.

"ಸ್ಕ್ಯಾನ್ ಮಾಡಿದ ಹಳೇ ಪುಸ್ತಕದ ಪಿಡಿಎಫ್ ಇದೆ."

ಟೆಸೆರಾಕ್ಟ್ ಎಂಬ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ) ತಂತ್ರಾಂಶ ಕನ್ನಡ ಓದುತ್ತದೆ. ಆದರೆ ಪದದ ನಡುವೆ ಇಲ್ಲದ ಜಾಗ ಹುಟ್ಟಿಸುವುದು ಓಸಿಆರ್‌ನ ಕೆಟ್ಟ ಚಾಳಿ, ಪದದ ಉದ್ದ ಅಳೆಯುವವರಿಗೆ ಅದೇ ವಿಷ. ಒಂದಕ್ಷರದ ಪದಗಳ ಪಟ್ಟಿ ತೆಗೆಯಿರಿ. ಆ, ಈ ಮತ್ತು ಅಂಥ ಒಂದೆರಡು ಬಿಟ್ಟು ಬೇರೇನಾದರೂ ರಾಶಿ ಬಿದ್ದಿದ್ದರೆ ಕರಡು ತಿದ್ದಿ, ಆಮೇಲೆ ಎಣಿಸಿ.

"ಇಡೀ ಕಾದಂಬರಿ ಹಾಕಿದ್ರೆ ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತಾ?"

ಇಲ್ಲ. ಲಕ್ಷ ಪದ ಅದಕ್ಕೆ ಒಂದು ಗುಟುಕು.

## ಎಣಿಸಿದ ಮೇಲೆ

"ಸರಾಸರಿ ಬಂತು. ಮುಂದೆ?"

ಸರಾಸರಿಯನ್ನು ಅಷ್ಟು ನಂಬಬೇಡಿ. ಈ ಸಾಲು ನೋಡಿ: "ನಿನ್ನೆ ಸಂಜೆ ಮಳೆ ಬಂದು ಮೆಜೆಸ್ಟಿಕ್ಕಿನಲ್ಲಿ ಬಸ್ಸುಗಳೆಲ್ಲ ನಿಂತುಬಿಟ್ಟವು." ಏಳು ಪದ: 2, 2, 2, 2, 6, 5, 5. ಒಟ್ಟು 24, ಸರಾಸರಿ 3.4. ಆದರೆ ಇಡೀ ಸಾಲಿನಲ್ಲಿ ಮೂರಕ್ಷರದ ಪದವೂ ಇಲ್ಲ, ನಾಲ್ಕಕ್ಷರದ್ದೂ ಇಲ್ಲ! ಉದ್ದದ ಕ್ರಮದಲ್ಲಿ ನಿಲ್ಲಿಸಿ ನಟ್ಟನಡುವಿನದನ್ನು ಕೇಳಿದರೆ ಅದು 2.

ಹಾಗಾಗಿ ಡಬ್ಬಿಗಳನ್ನೇ ಸಾಲಾಗಿ ನೋಡಿ. ಒಂದಕ್ಷರ ಎಷ್ಟು, ಎರಡು ಎಷ್ಟು ಎಂದು ಪ್ರತಿ ಸಾಲಿಗೂ ಅಷ್ಟು ನಕ್ಷತ್ರ ಮುದ್ರಿಸಿದರೆ ಸಾಕು. ಬಣ್ಣದ ಗ್ರಾಫ್ ಮಾಡಲು ಹೋದವರು ಕನ್ನಡ ಹೆಸರಿನ ಜಾಗದಲ್ಲಿ ಖಾಲಿ ಚೌಕ ಬಂತು, ಫಾಂಟ್ ಕೊಟ್ಟರೆ ಒತ್ತು ಪಕ್ಕಕ್ಕೆ ಬಿತ್ತು ಎಂದು ಪರದಾಡುವುದನ್ನು ಕಂಡಿದ್ದೇನೆ.

ಇನ್ನೊಂದು ತೀರ್ಮಾನ: "ಈ" ಎಂಬುದು ನೂರು ಸಲ ಬಂದಿದ್ದರೆ ನೂರು ಎಣಿಸುವುದೋ, ಒಂದೋ? ನೂರು ಎಂದರೆ ಓದುಗರ ಕಣ್ಣಿಗೆ ಬೀಳುವ ಪಠ್ಯದ ಲೆಕ್ಕ, ಒಂದು ಎಂದರೆ ಲೇಖಕರ ಪದಕೋಶದ ಲೆಕ್ಕ. ಎರಡನೆಯದರ ಸರಾಸರಿ ಸಾಮಾನ್ಯವಾಗಿ ಹೆಚ್ಚು, ಯಾಕೆಂದರೆ ಮತ್ತೆ ಮತ್ತೆ ಬರುವ ಪದಗಳು ಗಿಡ್ಡ. ಜಿಫ್ ಎಂಬ ಭಾಷಾವಿದ್ವಾಂಸ 1930ರ ದಶಕದಲ್ಲೇ ಇದನ್ನು ನಿಯಮವಾಗಿ ಹೇಳಿದ.

"ಇಂಗ್ಲಿಷಿಗಿಂತ ಕನ್ನಡದ ಪದ ಉದ್ದ ಅಂತ ಹೇಳಬಹುದಾ?"

ಯಾವ ಅಳತೆಗೋಲಿನಲ್ಲಿ? "ಬೆಂಗಳೂರು" ನಮಗೆ 4 ಅಕ್ಷರ, ಇಂಗ್ಲಿಷ್ ಲಿಪಿಯಲ್ಲಿ 9. ಫೈಲಿನ ತೂಕದಲ್ಲಿ ಮತ್ತೆ ಉಲ್ಟಾ: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ 3 ಬೈಟ್, ಹಾಗಾಗಿ ನಮ್ಮದು 24 ಬೈಟ್, ಅವರದು 9. ಒಂದು ಮೊಳದ ಲೆಕ್ಕ, ಒಂದು ಗಜದ ಲೆಕ್ಕ ಇಟ್ಟುಕೊಂಡು ಯಾವ ಸೀರೆ ಉದ್ದ ಎಂದು ಜಗಳವಾಡಿದ ಹಾಗೆ. ಕನ್ನಡವನ್ನು ಕನ್ನಡದ ಜೊತೆ ಹೋಲಿಸಿ.

"ಬರೆದವರು ಯಾರು ಅಂತ ಇದರಿಂದ ಕಂಡುಹಿಡಿಯಬಹುದಾ?"

ಮೆಂಡೆನ್‌ಹಾಲ್ 1901ರಲ್ಲಿ ಇದೇ ಆಸೆಯಿಂದ ಷೇಕ್ಸ್‌ಪಿಯರ್ ಮತ್ತು ಬೇಕನ್ ಬರಹಗಳನ್ನು ಎಣಿಸಿದ. ಷೇಕ್ಸ್‌ಪಿಯರ್ ಹೆಸರಿನ ನಾಟಕಗಳನ್ನು ಬರೆದವನು ಅದೇ ಕಾಲದ ಬೇಕನ್ ಎಂದು ವಾದಿಸುವವರಿದ್ದರು. ಷೇಕ್ಸ್‌ಪಿಯರ್‌ನಲ್ಲಿ ನಾಲ್ಕಕ್ಷರದ ಪದಗಳೇ ಹೆಚ್ಚು, ಬೇಕನ್‌ನ ಗೆರೆ ಬೇರೆ, ಅದೇ ಕಾಲದ ನಾಟಕಕಾರ ಮಾರ್ಲೋನ ಗೆರೆ ಮಾತ್ರ ಪಕ್ಕಾ ಹೊಂದುತ್ತದೆ ಎಂದ. ದೊಡ್ಡ ಗದ್ದಲವಾಯಿತು. 1975ರಲ್ಲಿ ವಿಲಿಯಮ್ಸ್ ಎಂಬವರು ಒಂದು ಸರಳ ಸಂಗತಿ ಎತ್ತಿ ತೋರಿಸಿದರು: ಷೇಕ್ಸ್‌ಪಿಯರ್ ಬರೆದದ್ದು ಹೆಚ್ಚಾಗಿ ಪದ್ಯ, ಬೇಕನ್ ಗದ್ಯ. ಒಬ್ಬನೇ ಲೇಖಕ ಪದ್ಯ, ಗದ್ಯ ಎರಡೂ ಬರೆದರೂ ಗೆರೆ ಅಷ್ಟೇ ಬದಲಾಗುತ್ತದೆ.

ಕನ್ನಡದಲ್ಲಿ ಇದರ ಮೇಲೆ ಸ್ಪೇಸಿನ ರಗಳೆ ಬೇರೆ. ಒಂದೇ ಲೇಖಕರ ಎರಡು ಪುಸ್ತಕ ಎರಡು ಪ್ರಕಾಶನದಲ್ಲಿ ಬಂದಿದ್ದರೆ ನಿಮ್ಮ ಪ್ರೋಗ್ರಾಂ ಹಿಡಿಯುವುದು ಕರಡು ತಿದ್ದಿದವರನ್ನು.

"ಬರಹ ಸರಳ ಇದೆಯಾ ಅಂತ ಅಂಕ ಕೊಡಬಹುದಾ?"

ಇಂಗ್ಲಿಷ್ ಬರಹ ಓದಲು ಎಷ್ಟು ಸುಲಭ ಎಂದು ಅಳೆಯಲು ಫ್ಲೆಶ್ ಎಂಬವರು 1948ರಲ್ಲಿ ಕೊಟ್ಟ ಸೂತ್ರವನ್ನು ಹಾಗೇ ಕನ್ನಡಕ್ಕೆ ಹಾಕಬೇಡಿ. ಅದರೊಳಗಿನ ಗುಣಾಂಕಗಳು ಇಂಗ್ಲಿಷ್ ಓದುಗರಿಂದ ಹುಟ್ಟಿದವು. ನಮ್ಮಲ್ಲಿ "ಬಂದುಬಿಡುತ್ತಾಳಂತೆ" ಮಗುವಿಗೂ ಅರ್ಥವಾಗುತ್ತದೆ, "ಋಜುತ್ವ" ಮೂರೇ ಅಕ್ಷರ.

"ಅಕ್ಷರ ಬಿಟ್ಟು ಮಾತ್ರೆ ಎಣಿಸೋ ಹಾಗೆ ಮಾಡಬಹುದಾ?"

ಇದನ್ನು ಕೇಳಿದವರು ಗಮಕ ಕಲಿತವರು, ನನ್ನ ಇಷ್ಟದ ಪ್ರಶ್ನೆಯೂ ಹೌದು. ಅಕ್ಷರ ಒಡೆದಾದ ಮೇಲೆ ಕೆಲಸ ಸ್ವಲ್ಪವೇ ಉಳಿದಿದೆ. ದೀರ್ಘವಿದ್ದರೆ, ಐ ಔ ಇದ್ದರೆ, ಸೊನ್ನೆ ಅಥವಾ ವಿಸರ್ಗ ಇದ್ದರೆ, ಮುಂದಿನದು ಒತ್ತಕ್ಷರವಾಗಿದ್ದರೆ ಗುರು, ಎರಡು ಮಾತ್ರೆ. ಉಳಿದದ್ದು ಲಘು, ಒಂದು. ಕೊನೆಯ ಅರ್ಧಾಕ್ಷರವನ್ನು ಇಲ್ಲಿ ಮಾತ್ರ ಹಿಂದಿನದಕ್ಕೆ ಸೇರಿಸಿ: "ಬಸ್" ಒಂದು ಗುರು. ಪದ್ಯವಾದರೆ ಪದಗಳ ನಡುವಿನ ಜಾಗ ತೆಗೆದು ಇಡೀ ಸಾಲನ್ನು ಒಟ್ಟಿಗೆ ಕೊಡಿ.

ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೇ ಸಾಲು 14 ಮಾತ್ರೆ, 3 ಮತ್ತು 6ನೆಯದು 23. ಒಟ್ಟು 102. ಟೈಪ್ ಮಾಡಿದ ಪದ್ಯಗಳನ್ನು ಪ್ರೋಗ್ರಾಮಿಗೆ ಕೊಟ್ಟು 102 ಬಾರದವನ್ನು ಹೆಕ್ಕಿದರೆ ಹೆಚ್ಚಿನವು ಬೆರಳಚ್ಚಿನ ತಪ್ಪುಗಳೇ: ಬಿಟ್ಟುಹೋದ ದೀರ್ಘ, ತಪ್ಪಿದ ಒತ್ತು. ಕೆಲವು ಹಾಗಲ್ಲ. ಹಳಗನ್ನಡದ ಶಿಥಿಲದ್ವಿತ್ವದಲ್ಲಿ ಒತ್ತಕ್ಷರ ತೇಲಿಸಿ ಉಚ್ಚರಿಸುವುದರಿಂದ ಹಿಂದಿನದು ಲಘುವಾಗಿಯೇ ಉಳಿಯುತ್ತದೆ. ಅದನ್ನು ಕಂಡುಹಿಡಿಯುವ ಸಾಲು ನಾನು ಬರೆದಿಲ್ಲ, ಗಮಕಿಗಳನ್ನೇ ಕೇಳುತ್ತೇನೆ.

ಮಲ್ಲೇಶ್ವರ, ಬಸವನಗುಡಿಯ ವ್ಯಾಜ್ಯವನ್ನೂ ಈ ಪ್ರೋಗ್ರಾಮಿಗೆ ಹಾಕಿದೆವು. ಮ ಗುರು, ಲ್ಲೇ ಗುರು, ಶ್ವ ಲಘು, ರ ಲಘು: 6. ಬಸವನಗುಡಿ ಆರಕ್ಕೆ ಆರೂ ಲಘು: 6. ಸಮ ಸಮ. ಆಗ ಮೂಲೆಯಲ್ಲಿ ಕೂತಿದ್ದ ಹದಿನೈದನೇ ಕ್ರಾಸಿನವರೊಬ್ಬರು, "ನಾವು ಮಲ್ಲೇಶ್ವರಂ ಅಂತಲೇ ಬರೆಯೋದು" ಎಂದು ಸೊನ್ನೆ ಸೇರಿಸಿ 7 ಮಾಡಿಕೊಂಡು ಹೋದರು.